ಆಷಾಢದ ಮಳೆಯಲ್ಲಿ ಸೋಲಾರ್

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಮಾಡಿನ ಮೇಲಿರುವ 3 ಕಿಲೋವ್ಯಾಟ್‌ನ ಸೋಲಾರ್ ಪ್ಯಾನಲ್‌ಗಳು ಏಪ್ರಿಲ್‌ನಲ್ಲಿ ದಿನಕ್ಕೆ 12 ಯೂನಿಟ್ ವಿದ್ಯುತ್ ಕೊಡುತ್ತಿದ್ದವು. ಮೂರು ದಿನಗಳಿಂದ ಬಿಡದೆ ಹೊಯ್ಯುತ್ತಿರುವ ಈ ಆಷಾಢದ ಮಳೆಯಲ್ಲಿ ಇನ್ವರ್ಟರ್ ನಿನ್ನೆ ಸಂಜೆ ತೋರಿಸಿದ್ದು 2.4 ಯೂನಿಟ್ ಮಾತ್ರ. ಸೊನ್ನೆಯಾಗಲಿಲ್ಲವಲ್ಲ ಎಂಬುದೇ ನನಗೆ ಸೋಜಿಗ. ಮೋಡದೊಳಗಿಂದ ಚದುರಿ ಬರುವ ಬೆಳಕನ್ನೂ ಪ್ಯಾನಲ್‌ಗಳು ವಿದ್ಯುತ್ತಾಗಿಸುತ್ತವೆ. ಅವುಗಳಿಗೆ ಬೇಕಾದದ್ದು ಬೆಳಕೇ ಹೊರತು ಕಾವಲ್ಲ, ಪ್ಯಾನಲ್‌ನ ಕಾವು 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ. 0.3ರಿಂದ 0.5ರಷ್ಟು ಕುಗ್ಗುತ್ತದೆ. ಇಂದು ಹನ್ನೊಂದರ ಹೊತ್ತಿಗೆ ಮೋಡ ಹತ್ತು ನಿಮಿಷ ಹರಿದಾಗ, ಮಳೆ ತೊಳೆದಿಟ್ಟ ತಣ್ಣನೆಯ ಗಾಜಿನ ಮೇಲೆ ಬಿಸಿಲು ಬಿದ್ದು, ಇನ್ವರ್ಟರ್ ತೋರಿಸುವ ಆ ಕ್ಷಣದ ಉತ್ಪಾದನೆಯ ಅಂಕಿ ಬೇಸಗೆಯ ನಡುಹಗಲಿನದನ್ನೂ ಮೀರಿ ಏರಿತು. ಅಷ್ಟರಲ್ಲಿ ಅಡಿಕೆ ತೋಟದ ಕಡೆಯಿಂದ ಮತ್ತೆ ಮಳೆಯ ಸದ್ದು ಕೇಳಿಸಿತು.