ಬಡ್ಡಿ ಇಲ್ಲದ ದುಡ್ಡು ಅಂದಿದ್ದು ನನ್ನ ತಪ್ಪು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಎರಕದ ಅಚ್ಚು ಮಾಡುವ ಹೊಸ ಮೋಲ್ಡಿಂಗ್ ಲೈನ್ ಹಾಕಲು ದುಡ್ಡು ಬೇಕಿತ್ತು. ಮುಂಬೈನ ಒಂದು ಪ್ರೈವೇಟ್ ಈಕ್ವಿಟಿ ಫಂಡ್ ಮುಂದೆ ಬಂತು. ಹಾಗಂದರೆ ಏನು ಅಂತ ಮಾಲಕರು ಕೇಳಿದಾಗ ಒಂದೇ ಮಾತಲ್ಲಿ ಹೇಳಿಬಿಟ್ಟೆ: "ಬಡ್ಡಿ ಇಲ್ಲದ ದುಡ್ಡು ಸರ್. ಕಂತೂ ಇಲ್ಲ."

"ಹಂಗಾದ್ರ ಚಲೋನ ಆತಲ್ಲ!" ಅಂದರು.

ಬಡ್ಡಿ, ಕಂತು ಇಲ್ಲದ್ದು ನಿಜ. ಬದಲಿಗೆ ಕಂಪನಿಯಲ್ಲೇ ಪಾಲು ಕೊಡಬೇಕು. ಆ ಪಾಲಿನ ಲೆಕ್ಕದಲ್ಲೇ ಮೊದಲ ಎಡವಟ್ಟು. (ಅಂಕಿಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ಅಂದರೆ ಎಬಿಟ್ಡಾ, 12 ಕೋಟಿ. ಫಂಡಿನವರು ಕಂಪನಿಗೆ ಅದರ 7 ಪಟ್ಟು ಬೆಲೆ ಕಟ್ಟಿದರು, 84 ಕೋಟಿ. ಮಾಲಕರು ಮನೆಯಲ್ಲೂ ಅದೇ ಅಂಕಿ ಹೇಳಿಬಂದಿದ್ದರು. ಅದರಲ್ಲಿ ಬ್ಯಾಂಕಿನ 14 ಕೋಟಿ ಸಾಲ ಕಳೆಯಬೇಕು ಅಂತ ನಾನು ಮೊದಲೇ ಹೇಳಬೇಕಿತ್ತು. ಉಳಿದದ್ದು 70. ಫಂಡ್ 30 ಹಾಕಿದರೆ ಒಟ್ಟು 100, ಅವರ ಪಾಲು 30%. ಆ 30 ಕೋಟಿಯೂ ಹೋಗುವುದು ಕಂಪನಿ ಖಾತೆಗೆ, ಮಾಲಕರ ಜೇಬಿಗಲ್ಲ. ಅವರು ತಮ್ಮದೇ ಹಳೆಯ ಶೇರು ಮಾರಿದರೆ ಮಾತ್ರ ದುಡ್ಡು ಅವರ ಕೈಗೆ.

ಆಮೇಲೆ ಫಂಡಿನ ಕಡೆಯಿಂದ ತಪಾಸಣೆಗೆ ಇಬ್ಬರು ಹುಡುಗರು ಬಂದರು. ಅಂಗಳದ ಸ್ಕ್ರ್ಯಾಪ್ ರಾಶಿಯ ತೂಕವನ್ನೂ ಬಿಡಲಿಲ್ಲ. ಮಾಲಕರ ತಮ್ಮನ ಕಾರಿನ ಡೀಸೆಲ್ ಕಂಪನಿ ಖರ್ಚಲ್ಲಿ ಯಾಕಿದೆ? ಶೆಡ್ ಮಾಲಕರ ಹೆಂಡತಿ ಹೆಸರಲ್ಲಿದೆ, ಬಾಡಿಗೆ ಕರಾರು ಎಲ್ಲಿ? ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಟರ್ಮ್ ಶೀಟ್, ಅಂದರೆ ಒಪ್ಪಂದದ ಮುಖ್ಯ ಷರತ್ತುಗಳ ಪಟ್ಟಿ, ಬಂತು. ಅದರಲ್ಲಿ 'ಡ್ರ್ಯಾಗ್ ಅಲಾಂಗ್' ಅಂತ ಒಂದು ಷರತ್ತು. ಐದು ವರ್ಷದಲ್ಲಿ ಫಂಡಿಗೆ ತನ್ನ ಪಾಲು ಮಾರಿ ಹೊರಬೀಳುವ ದಾರಿ ಸಿಗದಿದ್ದರೆ ಅವರೇ ಇಡೀ ಕಂಪನಿಗೆ ಗಿರಾಕಿ ಹುಡುಕಬಹುದು. ಆಗ ಮಾಲಕರೂ ತಮ್ಮ ಪಾಲನ್ನು ಅದೇ ಬೆಲೆಗೆ ಮಾರಲೇಬೇಕು. ನಾನು ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವರ ಮುಂದಿದ್ದ ಚಹಾ ಆರಿತ್ತು.

"ನಮ್ಮಪ್ಪ ಕಟ್ಟಿದ ಫೌಂಡ್ರಿ. ಮೂವತ್ತು ಪರ್ಸೆಂಟಿನವರು ನೂರು ಪರ್ಸೆಂಟ್ ಮಾರ್ತಾರೇನ್?"

ಫಂಡಿನವರದೂ ತಪ್ಪಲ್ಲ. ಅವರು ಹಾಕುವುದು ಹೆಚ್ಚಾಗಿ ಬೇರೆಯವರ ದುಡ್ಡು. ಶೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಇಂಥ ಫಂಡಿಗೆ ಸೇರಲು ಒಬ್ಬ ಹೂಡಿಕೆದಾರ ಸಾಮಾನ್ಯವಾಗಿ ಕನಿಷ್ಠ 1 ಕೋಟಿ ಹಾಕಬೇಕು. ಫಂಡಿಗೂ ಒಂದು ಆಯುಷ್ಯ ಇರುತ್ತದೆ, ಸುಮಾರು ಹತ್ತು ವರ್ಷ. ಅಷ್ಟರೊಳಗೆ ದುಡ್ಡು ಮರಳಿಸಬೇಕು. ಶೇರು ಪೇಟೆಗೆ ಹೋಗಲಿ, ಇನ್ನೊಬ್ಬರಿಗೆ ಮಾರಲಿ, ಅವರು ಹೊರಡುವವರೇ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು ಅಲ್ವಾ?

ಫಂಡಿನ ಮಾತು ಬಿಟ್ಟು, ಬ್ಯಾಂಕಿನ ಟರ್ಮ್ ಲೋನ್ ತಗೊಂಡು ಸದ್ಯಕ್ಕೆ ಚಿಕ್ಕ ಲೈನ್ ಹಾಕಿದ್ದೇವೆ. ಶೆಡ್ಡಿನ ಬಾಡಿಗೆ ಕರಾರು ಈಗ ಫೈಲಿನಲ್ಲಿದೆ. ಮಾಲಕರ ತಮ್ಮ ಡೀಸೆಲ್ ತಮ್ಮ ದುಡ್ಡಲ್ಲೇ ಹಾಕಿಸುತ್ತಾರೆ. ನನ್ನ ಜೊತೆ ಮಾತು ಮಾತ್ರ ಕಡಿಮೆಯಾಗಿದೆ.