ಇನ್‌ಫ್ರಾರೆಡ್ ರೋಲ್ ಹಿಡಿದು ಹಂಪಿಗೆ ಹೊರಟವರು ಮೊದಲು ಹೊಳೆ ದಾಟಿ

ವಿಠ್ಠಲ ದೇವಸ್ಥಾನದ ಗೇಟಿನಲ್ಲಿ ನನ್ನ ಟ್ರೈಪಾಡ್ ಒಳಗೆ ಬಿಡಲಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ನನಗೆ ಗೊತ್ತಿರಲಿಲ್ಲ. ನೀವು ಮೊದಲೇ ವಿಚಾರಿಸಿಕೊಳ್ಳಿ.

ಈ ರೋಲ್‌ಗೆ ಟ್ರೈಪಾಡ್ ಬೇಕೇ ಬೇಕು. ನಾನು ಒಯ್ದಿದ್ದು ರೋಲೈ ಇನ್‌ಫ್ರಾರೆಡ್ 400, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹಿಡಿಯುವ ಕಪ್ಪು-ಬಿಳುಪು ಫಿಲ್ಮ್. ಹೆಸರಿನ 400 ಅದರ ಐಎಸ್‌ಒ, ಅಂದರೆ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನೋ ಅಂಕಿ. ಆದರೆ ಕಾಣುವ ಬೆಳಕನ್ನು ತಡೆಯುವ ಹೋಯಾ ಆರ್72 ಫಿಲ್ಟರ್ ಹಾಕಿದ ಮೇಲೆ 12 ಅಥವಾ 6 ಅಂತಲೇ ಲೆಕ್ಕ ಹಿಡಿಯಬೇಕು. ಒಳ್ಳೆ ಬಿಸಿಲಲ್ಲೂ ಲೆನ್ಸ್ ಕಿಂಡಿ ಎಫ್/11 ಇಟ್ಟರೆ ಷಟರ್ 1/15 ಅಥವಾ 1/8 ಸೆಕೆಂಡ್ ತೆರೆದಿರಬೇಕು, ಕೈಯಲ್ಲಿ ಹಿಡಿದರೆ ಚಿತ್ರ ಅಲುಗುತ್ತದೆ. ಒಂದೇ ದೃಶ್ಯವನ್ನು ಮೂರು ಬೇರೆ ಬೇರೆ ಸ್ಪೀಡ್‌ನಲ್ಲಿ ತೆಗೆಯಿರಿ, ರೋಲ್ ಉಳಿಸೋಕೆ ಹೋಗಬೇಡಿ.

ಫಿಲ್ಟರ್ ವಿಷಯದಲ್ಲಿ ನಾನು ಮೋಸ ಹೋದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಾಮೂಲಿ ಕೆಂಪು ಫಿಲ್ಟರನ್ನೇ ಇನ್‌ಫ್ರಾರೆಡ್ ಅಂತ ಕೊಟ್ಟರು. ನಿಜವಾದ ಆರ್72 ನೋಡೋಕೆ ಕಪ್ಪು ಗಾಜಿನಂತೆ ಇರುತ್ತದೆ. ಅದರ ಮೂಲಕ ಅಂಗಡಿಯ ಒಳಗೆ ನೋಡಿದರೆ ಹೆಚ್ಚುಕಡಿಮೆ ಏನೂ ಕಾಣಬಾರದು. ಎಲ್ಲ ಕೆಂಪಗೆ ಕಂಡರೆ ವಾಪಸ್ ಕೊಡಿ. 72 ಅಂದರೆ ಗಾತ್ರ ಅಲ್ಲ, ಫಿಲ್ಟರ್ ಸುಮಾರು ಯಾವ ತರಂಗಾಂತರದಿಂದ ಬೆಳಕು ಬಿಡುತ್ತದೆ ಅನ್ನೋದು, ಅಂದರೆ 720 ನ್ಯಾನೊಮೀಟರ್. ನಿಮ್ಮ ಲೆನ್ಸ್‌ಗೆ ಕೂರುವ ಅಳತೆಯನ್ನು ಬೇರೆಯಾಗಿ ಕೇಳಿ. ಹಾಕಿದ ಮೇಲೆ ವ್ಯೂಫೈಂಡರ್ ಕತ್ತಲಾಗುತ್ತದೆ, ಅದಕ್ಕೆ ಫ್ರೇಮ್, ಫೋಕಸ್ ಎರಡೂ ಮೊದಲೇ ಮುಗಿಸಿ. ಹಳೆ ಲೆನ್ಸ್ ಆದರೆ ಫೋಕಸನ್ನು ಅದರ ಮೇಲೆ ಇನ್‌ಫ್ರಾರೆಡ್‌ಗೆಂದೇ ಇರುವ ಕೆಂಪು ಗುರುತಿಗೆ ತಿರುಗಿಸಿ.

ಟ್ರೈಪಾಡ್ ಇಲ್ಲದೆ, ಕ್ಯಾಮೆರಾವನ್ನು ಗೋಡೆಗೆ ಒತ್ತಿ ಕಲ್ಲಿನ ರಥ ತೆಗೆದೆ. ಸಪ್ಪೆ! ಈ ಬೆಳಕಿನಲ್ಲೂ ಕಲ್ಲು ಕಲ್ಲೇ. ಬದಲಾಗೋದು ಹಸಿರು. ಎಲೆ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ, ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ನೀಲಿ ಆಕಾಶ ಮತ್ತು ನೀರು ಕಪ್ಪಾಗುತ್ತವೆ. ಹಾಗಾಗಿ ತುಂಗಭದ್ರೆಯ ಆಚೆ ದಡದ ಆನೆಗೊಂದಿ ಕಡೆಗೆ ಹೋಗಿ. ಭತ್ತದ ಗದ್ದೆ, ಬಾಳೆ ತೋಟ, ಹಿಂದೆ ಬಂಡೆಗಳ ಗುಡ್ಡ. ಅನುಮತಿಯ ತಲೆಬಿಸಿ ಇಲ್ಲ, ಜನವೂ ಕಡಿಮೆ. ನನಗಂತೂ ಹಂಪಿಯಲ್ಲಿ ದಸರಾ ರಜೆಯ ಗದ್ದಲ ಸಹಿಸೋಕೆ ಆಗಲೇ ಇಲ್ಲ. ಹೊಳೆ ತುಂಬಿದ್ದರಿಂದ ದೋಣಿ ನಿಂತಿತ್ತು. ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ ಆಟೋದಲ್ಲಿ ಹೋದೆ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಬೇರೆಯವರು ಬಿಸಿಲಿಗೆ ಹೆದರಿ ರೂಮ್ ಸೇರೋ ಹೊತ್ತೇ ಇದಕ್ಕೆ ಸರಿಯಾದ ಹೊತ್ತು. ಸೂರ್ಯ ಬೆನ್ನ ಹಿಂದೆ ಇರಲಿ. ಮೋಡ ಕವಿದರೆ ಕ್ಯಾಮೆರಾ ಮುಚ್ಚಿ ಊಟಕ್ಕೆ ಹೋಗಿ.

ಊಟ ಅಂದರೆ ಆನೆಗೊಂದಿಯಲ್ಲಿ ಒಂದು ಮನೆಯ ಪಡಸಾಲೆ. ಬೋರ್ಡ್ ಇಲ್ಲ, ಊರಲ್ಲಿ ಕೇಳಬೇಕು. ಬಿಸಿ ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು. "ಬಿಸಿ ಐತಿ, ಇನ್ನೊಂದು ಹಾಕ್ಕೊಳ್ರಿ" ಅಂತ ಆ ಅಕ್ಕ ರೊಟ್ಟಿ ತಟ್ಟುತ್ತಲೇ ಇದ್ದರು. ಕೊನೆಗೆ ಕೇಳಿದ್ದು ನೂರೇ ರೂಪಾಯಿ. ಹಿಂದಿನ ರಾತ್ರಿ ಹೊಸಪೇಟೆಯಲ್ಲಿ ಫ್ಯಾನ್ ತಿರುಗದ ರೂಮಿಗೆ ಎರಡೂವರೆ ಸಾವಿರ ಕೊಟ್ಟಿದ್ದೆ. ಎರಡು ದಿನವೂ ಮಧ್ಯಾಹ್ನ ಅಲ್ಲೇ ಉಂಡೆ.

ಇನ್ನೊಂದು ಮಾತು. ಈ ರೋಲ್‌ನ ಪಟ್ಟಿ ಪಾಲಿಯೆಸ್ಟರ್. ಹೊರಗೆ ಚಾಚಿದ ತುದಿಯಿಂದ ಬೆಳಕು ಒಳಗೆ ಹರಿಯುತ್ತದೆ. ನಾನು ಗದ್ದೆ ಬದುವಿನ ಬಿಸಿಲಲ್ಲೇ ರೋಲ್ ಹಾಕಿದೆ, ಮೊದಲ ನಾಲ್ಕು ಫ್ರೇಮ್ ಬೆಳಕು ತಿಂದು ಹಾಳಾದವು. ರೂಮಿನಲ್ಲಿ ದೀಪ ಆರಿಸಿ ಹಾಕಿ, ತೆಗೆದ ಮೇಲೂ ಕಪ್ಪು ಡಬ್ಬಿಯಲ್ಲೇ ಇಡಿ. ಹಾಳಾದ ಆ ನಾಲ್ಕರಲ್ಲೇ ಕಪ್ಪು ತುಂಗಭದ್ರೆಯ ದಂಡೆಯ ಬಾಳೆ ತೋಟ ಇತ್ತು. ಭತ್ತ ಕೊಯ್ಯುವ ಮುಂಚೆ ಮತ್ತೆ ಹೋಗುತ್ತೇನೆ.