ನೀರಿದ್ದಂಗೈತಲ್ಲ ತಮ್ಮಾ!

ಹದಡಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಈ ವಾರ ಕಿವಿಗೆ ಬಿದ್ದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಈಚಿನ ಮಾದರಿಯ ಸಣ್ಣ ಪೆಟ್ರೋಲ್ ಕಾರು ಆಯಿಲ್ ಬದಲಿಸೋಕೆ ಬಂದಿತ್ತು. ಮಗ ಕಾರಿನ ಜೊತೆ ಬಂದ ಪುಸ್ತಕ ನೋಡಿ 0ಡಬ್ಲ್ಯೂ-20 ಎಂಬ ತೆಳು ಆಯಿಲ್‌ನ ಡಬ್ಬಿ ತಂದಿದ್ದ. ಅಪ್ಪ ಡಬ್ಬಿಯ ಮುಚ್ಚಳ ತೆಗೆದು, ಒಂದು ತೊಟ್ಟು ಬೆರಳಿಗೆ ಹಾಕಿಕೊಂಡು, ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ಇದು ನೀರಿದ್ದಂಗೈತಲ್ಲ ತಮ್ಮಾ! ದಾವಣಗೆರೆ ಬಿಸಿಲಿಗೆ ತಡಿತೈತೇನು ಇದು?"

ಕಾರಿನಡಿ ಮಲಗಿದ್ದ ಮೆಕ್ಯಾನಿಕ್ ಹುಡುಗ ಅಲ್ಲಿಂದಲೇ, "ಬ್ಯಾಡ ಬಿಡ್ರಿ ಯಜಮಾನ್ರೆ, ಟ್ವೆಂಟಿ ಫಿಫ್ಟಿ ಹಾಕ್ತೀನಿ. ಎಂಜಿನ್ ಗಟ್ಟಿ ನಿಲ್ತೈತಿ" ಅಂದ. ಪುಸ್ತಕದಲ್ಲಿ ಬೇರೆ ಇದೆಯಲ್ಲ ಎಂದು ನಾನೆಂದರೆ, "ಅದು ಚಳಿ ದೇಶದೋರು ಬರೆದಿದ್ದು ಕಣ್ರೀ" ಎಂದು ಯಜಮಾನರು ನಕ್ಕರು. ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಬ್ಯಾರಲ್‌ನಿಂದ 20ಡಬ್ಲ್ಯೂ-50 ಇಳಿಯಿತು.

ಯಜಮಾನರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಅಂಬಾಸಿಡರ್, ಜೀಪು, ಟ್ರ್ಯಾಕ್ಟರ್ ಓಡಿಸಿದ ತಲೆಮಾರು ಅದು. ಆ ಎಂಜಿನ್‌ಗಳಿಗೆ ದಪ್ಪ ಆಯಿಲ್ಲೇ ಸರಿಯಿತ್ತು. ಹುಡುಗನ ಕೈಯೂ ಒಳ್ಳೆಯದು: ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿದ, ಫಿಲ್ಟರಿನ ರಬ್ಬರ್ ರಿಂಗಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿದ. ಇಷ್ಟು ನೀಟಾಗಿ ಕೆಲಸ ಮಾಡುವವನು ತಪ್ಪು ಆಯಿಲ್ ಸುರಿದನಲ್ಲ ಎಂಬುದೇ ಸಂಕಟ.

ಈಗ ಆ ಬೆರಳಿನ ವಿಚಾರಕ್ಕೆ ಬರೋಣ. ಆಯಿಲ್‌ನ ದಪ್ಪವನ್ನು ಅಳೆಯುವುದು ಸೆಂಟಿಸ್ಟೋಕ್ ಲೆಕ್ಕದಲ್ಲಿ. ಡಬ್ಬಿಯ ಮೇಲಿನ ಎರಡನೇ ಅಂಕಿ ಹೇಳುವುದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂದು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಮಾನದಂಡದ ಪ್ರಕಾರ 20 ಎಂದರೆ 6.9ರಿಂದ 9.3ರೊಳಗೆ, 30 ಎಂದರೆ 9.3ರಿಂದ 12.5ರೊಳಗೆ, 40 ಎಂದರೆ 12.5ರಿಂದ 16.3ರೊಳಗೆ, 50 ಎಂದರೆ 16.3ರಿಂದ 21.9ರೊಳಗೆ. ಅದೇ 0ಡಬ್ಲ್ಯೂ-20 ಆಯಿಲ್ 40 ಡಿಗ್ರಿಯಲ್ಲಿ 40 ಸೆಂಟಿಸ್ಟೋಕ್‌ನ ಆಸುಪಾಸು ಇರುತ್ತದೆ. ಅಂದರೆ ಯಜಮಾನರ ಬೆರಳಿಗೆ ನೀರು ಎನಿಸಿದ ಆಯಿಲ್, ಆ ಹೊತ್ತಿಗೆ, ಓಡುತ್ತಿರುವ ಎಂಜಿನ್‌ನೊಳಗಿನ 20ಡಬ್ಲ್ಯೂ-50ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದಪ್ಪವಾಗಿತ್ತು! ಬೆರಳು ಮುಟ್ಟಿದ್ದು ತಣ್ಣಗಿನ ಆಯಿಲ್. ಎಂಜಿನ್ ಕೆಲಸ ಮಾಡುವ ಬಿಸಿಯಲ್ಲಿ ಬೆರಳಿಟ್ಟು ನೋಡಲು ಯಾರಿಂದಲೂ ಆಗದು.

ಇನ್ನು ದಾವಣಗೆರೆ ಬಿಸಿಲು. ಏಪ್ರಿಲ್‌ನಲ್ಲಿ ಪಿ.ಬಿ. ರಸ್ತೆಯ ಮೇಲೆ ನಿಂತರೆ ಆ ಮಾತು ನಿಜವೆನಿಸುತ್ತದೆ. ಆದರೆ ಎಂಜಿನ್‌ನ ಬಿಸಿಯನ್ನು ಹಿಡಿತದಲ್ಲಿಡುವುದು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನ್. ಹೊರಗೆ 18 ಇರಲಿ, 39 ಇರಲಿ, ಕೂಲೆಂಟ್ 90 ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಆಯಿಲ್ 90ರಿಂದ 110ರ ನಡುವೆ ಓಡಾಡುತ್ತದೆ. ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ತುಂಬಿದ ಕಾರನ್ನು ಒಂದೇ ಸಮನೆ ಜೋರಾಗಿ ಓಡಿಸಿದರೆ ಇನ್ನೊಂದಿಷ್ಟು ಏರಬಹುದು. ಅದಕ್ಕೂ ಜಾಗ ಬಿಟ್ಟೇ ತಯಾರಕರು ಗ್ರೇಡ್ ಗೊತ್ತುಮಾಡಿರುತ್ತಾರೆ. ಭಾರತದಲ್ಲಿ ಮಾರುವ ಕಾರಿನ ಜೊತೆ ಕೊಡುವ ಪುಸ್ತಕ ಭಾರತಕ್ಕೇ ಬರೆದದ್ದು. ಅದೇ ಕಾರು ರಾಜಸ್ಥಾನದಲ್ಲೂ ಓಡಬೇಕು, ಕಾಶ್ಮೀರದಲ್ಲೂ ಸ್ಟಾರ್ಟ್ ಆಗಬೇಕು. ಚಳಿ ದೇಶದವರ ಮಾತು ಎಂಬುದು ನಿಲ್ಲುವುದಿಲ್ಲ.

ಚಳಿಯ ಲೆಕ್ಕ ಇರುವುದು ಮೊದಲ ಅಂಕಿಯಲ್ಲಿ. 0ಡಬ್ಲ್ಯೂ ಆಯಿಲ್‌ನಲ್ಲಿ ಎಂಜಿನ್ ತಿರುಗಬಲ್ಲದೇ ಎಂದು ಪರೀಕ್ಷಿಸುವುದು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂಗೆ ಮೈನಸ್ 30, 20ಡಬ್ಲ್ಯೂಗೆ ಮೈನಸ್ 15. ನಮ್ಮಲ್ಲಿ ಡಿಸೆಂಬರ್ ಬೆಳಗಿನಲ್ಲೂ ಮೈನಸ್ ಕಾಣುವುದಿಲ್ಲ, ಹಾಗಾಗಿ 0ಡಬ್ಲ್ಯೂ ಮತ್ತು 5ಡಬ್ಲ್ಯೂ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 20ಡಬ್ಲ್ಯೂ-50 ಬೇರೆ ಮಾತು. 40 ಡಿಗ್ರಿಯಲ್ಲೇ ಅದು 150 ಸೆಂಟಿಸ್ಟೋಕ್‌ನ ಆಸುಪಾಸು ಇರುತ್ತದೆ, ಬೆಳಗಿನ ತಂಪಿಗೆ ಇನ್ನೂ ಎಷ್ಟೋ ಹೆಚ್ಚು. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ನಿಲ್ಲುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಅಂಥ ಕಾರು ದಿನವಿಡೀ ಓಡುವುದು ತಣ್ಣಗಿನ ದಪ್ಪ ಆಯಿಲ್‌ನಲ್ಲೇ.

ಅದರಿಂದ ಕೆಡುವುದೇನು? ಮೊದಲು ಸ್ಟಾರ್ಟ್ ಆದ ಆ ಕೆಲವು ಸೆಕೆಂಡು. ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್‌ನಿಂದ, ಮೇಲೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗೆ ಆಯಿಲ್ ತಲುಪುವುದು ತಡವಾಗುತ್ತದೆ, ಸವೆತ ಹೆಚ್ಚು ಆಗುವ ಹೊತ್ತು ಅದೇ. ಫಿಲ್ಟರ್ ಕಾಗದದ ಮೂಲಕ ದಪ್ಪ ಆಯಿಲ್ ಸುಲಭವಾಗಿ ನುಗ್ಗದು. ಆಗ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ಲೇ ಒಳಗೆ ಹೋಗುತ್ತದೆ. ವಿವಿಟಿ, ಅಂದರೆ ವಾಲ್ವ್ ತೆರೆಯುವ ಹೊತ್ತನ್ನು ಬೇಕಾದಂತೆ ಹಿಂದೆಮುಂದೆ ಮಾಡುವ ವ್ಯವಸ್ಥೆ ಇರುವ ಎಂಜಿನ್‌ನಲ್ಲಿ ಕ್ಯಾಮ್‌ನ ಕೋನ ಬದಲಿಸುವುದು ಆಯಿಲ್ ಒತ್ತಡ, ಅದರ ಕಂಟ್ರೋಲ್ ವಾಲ್ವ್‌ನ ದಾರಿ ತೀರಾ ಕಿರಿದು. ಅಲ್ಲಿ ಆಯಿಲ್ ನಿಧಾನವಾದರೆ ಕ್ಯಾಮ್ ಹೇಳಿದ ಹೊತ್ತಿಗೆ ತಿರುಗುವುದಿಲ್ಲ. ಚೆಕ್ ಎಂಜಿನ್ ದೀಪ ಹತ್ತಿಕೊಂಡು, ಸೆನ್ಸರ್ ಹೋಗಿದೆ ಎಂದು ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಮೈಲೇಜ್ ಇಳಿಯುವುದಂತೂ ಖಂಡಿತ.

"ದಪ್ಪ ಹಾಕಿದ್ಮ್ಯಾಲೆ ಎಂಜಿನ್ ಸ್ಮೂತ್ ಆತು, ಪ್ರೆಷರ್ರೂ ಜಾಸ್ತಿ ಐತಿ" ಅನ್ನುವವರಿದ್ದಾರೆ. ಸದ್ದು ಕಡಿಮೆಯಾಗುವುದು ನಿಜ. ಆದರೆ ಒತ್ತಡ ಏರಿತೆಂದರೆ ಹರಿವು ಏರಿತೆಂದಲ್ಲ. ದಪ್ಪ ಆಯಿಲ್‌ಗೆ ದಾರಿ ಸಿಗದೆ ಒತ್ತಡ ಏರುತ್ತದೆ. ಮಿತಿ ಮೀರಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದು ಆಯಿಲ್ ವಾಪಸ್ ಸುರಿಯುತ್ತದೆ, ಬೇರಿಂಗ್‌ಗೆ ಹೋಗುವುದು ಉಳಿದದ್ದಷ್ಟೇ. ಬೇರಿಂಗ್‌ನಿಂದ ಬಿಸಿ ಹೊತ್ತೊಯ್ಯುವುದು ಹರಿಯುವ ಆಯಿಲ್, ನಿಂತ ಆಯಿಲ್ ಅಲ್ಲ.

ಹಾಗೆಂದು ದಪ್ಪ ಆಯಿಲ್ ಎಲ್ಲರಿಗೂ ವಿಷವಲ್ಲ. ಕೆಲವು ಪುಸ್ತಕಗಳಲ್ಲಿ ಹೊರಗಿನ ಉಷ್ಣತೆಯ ಪಟ್ಟಿ ಕೊಟ್ಟು ಎರಡು ಮೂರು ಗ್ರೇಡ್‌ಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಕಾರು ಹಳೆಯದಾಗಿ ಆಯಿಲ್ ಕುಡಿಯುತ್ತಿದ್ದರೆ ಆ ಪಟ್ಟಿಯೊಳಗೇ ಒಂದು ಮೆಟ್ಟಿಲು ಏರಬಹುದು, 30 ಇದ್ದದ್ದು 40. ಅದಕ್ಕೂ ಮೊದಲು ಎಂಜಿನ್ ಒಳಗೆ ಸೇರುವ ಹೊಗೆಯನ್ನು ಎಳೆದುಕೊಳ್ಳುವ ಪಿಸಿವಿ ವಾಲ್ವ್ ಕಟ್ಟಿದೆಯೇ ನೋಡಿ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ಅದು ಸಾಮಾನ್ಯವಾಗಿ ವಾಲ್ವ್ ಸೀಲ್. ಆಕ್ಸಿಲೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್ ಸವೆದಿರಬಹುದು. ದಪ್ಪ ಆಯಿಲ್ ಇದನ್ನೆಲ್ಲ ಕೆಲ ದಿನ ಮುಚ್ಚಿಡುತ್ತದೆ, ಸರಿ ಮಾಡುವುದಿಲ್ಲ.

ಬಿಎಸ್ 6 ಹೊಗೆ ನಿಯಮದ ಡೀಸೆಲ್ ಕಾರು ಇಟ್ಟುಕೊಂಡವರಂತೂ ಬ್ಯಾರಲ್ ಆಯಿಲ್ ಹತ್ತಿರ ಸುಳಿಯಲೇಬಾರದು. 2020ರ ಏಪ್ರಿಲ್ ನಂತರದ ಈ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್‌ನ ರಾಸಾಯನಿಕದಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಬೂದಿ ಕಡಿಮೆ ಇರುವ, ಯುರೋಪಿನ ಕಾರು ತಯಾರಕರ ಸಂಘ ಎಸಿಇಎಯ ಸಿ2 ಅಥವಾ ಸಿ3 ದರ್ಜೆಯ ಆಯಿಲ್ ಬೇಕೆಂದು ಪುಸ್ತಕ ಕೇಳುವುದು. ಲಾರಿ, ಟ್ರ್ಯಾಕ್ಟರ್‌ಗೆ ಹಾಕುವ 15ಡಬ್ಲ್ಯೂ-40 ಇದಕ್ಕಲ್ಲ. ಇನ್ನೊಂದು: ಊರೊಳಗೇ ಓಡಾಡಿ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತರೆ ಡೀಸೆಲ್ ಜಾರಿ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದಂತೆ ಕಂಡರೆ ಖುಷಿ ಪಡಬೇಡಿ. ಆಯಿಲ್ ತೆಳುವಾಗಿದೆ, ಬದಲಿಸಬೇಕು.

ಗ್ರೇಡ್ ಒಂದೇ ನೋಡಿದರೆ ಸಾಲದು. ಪೆಟ್ರೋಲ್ ಕಾರಿಗೆ ಡಬ್ಬಿಯ ಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಗುಣಮಟ್ಟದ ಗುರುತು ಎಸ್‌ಎನ್ ಅಥವಾ ಅದಕ್ಕಿಂತ ಹೊಸದಾದ ಎಸ್‌ಪಿ ಇರಬೇಕು, ಪುಸ್ತಕ ಕೇಳಿದ್ದಕ್ಕಿಂತ ಹಳೆಯದಾಗಬಾರದು. ಟರ್ಬೋ ಪೆಟ್ರೋಲ್ ಇದ್ದರೆ ಎಸ್‌ಪಿಯೇ ಒಳ್ಳೆಯದು. ಚಿಲ್ಲರೆಯಾಗಿ ಸುರಿಯುವ 20ಡಬ್ಲ್ಯೂ-50 ಹೆಚ್ಚಾಗಿ ಮಿನರಲ್ ಆಯಿಲ್. ಅದನ್ನು ಹಾಕಿಸಿಕೊಂಡು ಪುಸ್ತಕದ 10,000 ಕಿಲೋಮೀಟರ್ ಲೆಕ್ಕ ಹಿಡಿದರೆ ಒಳಗೆ ಗಸಿ ಕಟ್ಟುತ್ತದೆ.

ಆ ಕಾರಿಗೆ ಈಗಲೂ ಏನೂ ಕಾಲ ಮಿಂಚಿಲ್ಲ. ನಾಲ್ಕು ದಿನದ ಓಡಾಟಕ್ಕೆ ಎಂಜಿನ್ ಕೆಡುವುದಿಲ್ಲ. ಐದು ನಿಮಿಷ ಸ್ಟಾರ್ಟ್ ಇಟ್ಟು, ಸಮತಟ್ಟಿನಲ್ಲಿ ನಿಲ್ಲಿಸಿ, ಉಗುರುಬೆಚ್ಚಗಿರುವಾಗ ಪೂರ್ತಿ ಇಳಿಸಬೇಕು. ತೊಟ್ಟಿಕ್ಕುವುದು ನಿಲ್ಲುವ ತನಕ ಬಿಡಬೇಕು, ಅವಸರ ಮಾಡಿದರೆ ದಪ್ಪದ್ದು ಅಡಿಯಲ್ಲೇ ಉಳಿಯುತ್ತದೆ. ಫಿಲ್ಟರಿನೊಳಗೂ ಅದೇ ಆಯಿಲ್ ನಿಂತಿರುವುದರಿಂದ ಅದನ್ನೂ ತೆಗೆಯಬೇಕು. ಹೊಸ ಆಯಿಲ್ ಪುಸ್ತಕದ ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿ, ಮೇಲಿನ ಗುರುತಿನ ತನಕ ಸ್ವಲ್ಪ ಸ್ವಲ್ಪವೇ ತುಂಬಬೇಕು. ಗುರುತು ದಾಟಿದರೆ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಏಳುತ್ತದೆ. ಮಗ ತಂದಿದ್ದ ಡಬ್ಬಿ ಡಿಕ್ಕಿಯಲ್ಲೇ ಇದೆ, ಹಾಕಬೇಕಾದದ್ದು ಅದನ್ನೇ.